ಮಗನ ಗೇಮು, ಅವ್ವನ ಹಾಡು, ನಡುವೆ ಒಂದು ಎಸ್‌ಎಸ್‌ಡಿ

ಕಳೆದ ದೀಪಾವಳಿ ರಜೆಯ ಒಂದು ಬೆಳಿಗ್ಗೆ. ಭೋಸರಿಯ ಕಾರ್ಖಾನೆಗೆ ರಜೆ ಇತ್ತು. ಚಿಂಚವಾಡದ ನಮ್ಮ ಮನೆಯಲ್ಲಿ ಚಹಾ ಹಿಡಿದುಕೊಂಡು ಕಂಪ್ಯೂಟರ್ ಮುಂದೆ ಕೂತೆ. ಹಬ್ಬದ ದಿನ ಅವ್ವನ ದನಿ ಕೇಳಬೇಕು ಅನ್ನಿಸಿತ್ತು. ಅವಳು ಹೋಗಿ ಆರು ವರ್ಷ. ಗದಗಿನ ಹತ್ತಿರದ ನಮ್ಮ ಊರಲ್ಲಿ ಪಂಚಮಿಗೆ ಹೋದಾಗಲೆಲ್ಲ ಅವಳು ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದುದನ್ನು ವಿಡಿಯೋ ಮಾಡಿ ಒಂದು ಫೋಲ್ಡರಿನಲ್ಲಿ ಇಟ್ಟಿದ್ದೆ. ಒಟ್ಟು 26 ವಿಡಿಯೋ.

ಫೋಲ್ಡರ್ ಇರಲಿಲ್ಲ.

ಹನ್ನೊಂದನೇ ಇಯತ್ತೆ ಓದುವ ಮಗನನ್ನು ಎಬ್ಬಿಸಿದೆ. "ಗೇಮ್‌ಗೆ ಜಾಗಾ ಸಾಲ್ತಿರ್ಲಿಲ್ಲ ಅಪ್ಪಾ. ಹಳೇವು ಏನೇನೋ ಇದ್ವು, ತಗದೆ" ಅಂದ. ರಿಸೈಕಲ್ ಬಿನ್ನಿಗೂ ಹೋಗದಂತೆ ಶಿಫ್ಟ್ ಒತ್ತಿ ಡಿಲೀಟ್ ಮಾಡಿದ್ದ. ಆ ಜಾಗಕ್ಕೆ 'ರೆಡ್ ಡೆಡ್ ರಿಡೆಂಪ್ಶನ್ 2' ರಾತ್ರಿಯಿಡೀ ಇಳಿಯುತ್ತಾ ಇತ್ತು. ಆ ಒಂದು ಆಟಕ್ಕೆ 150 ಜಿಬಿ ಜಾಗ ಬೇಕು.

ನಾನು ಬಯ್ಯಲಿಲ್ಲ. ಮೆಂಟೆನೆನ್ಸ್ ವಿಭಾಗದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನಿಗೆ ಒಂದು ಪಾಠ ಗೊತ್ತಿರುತ್ತದೆ. ಮಷಿನ್ ಕೆಟ್ಟಾಗ ಮೊದಲು ಅದನ್ನು ನಿಲ್ಲಿಸಬೇಕು, ಆಮೇಲೆ ಮಾತು. ಎದ್ದು ಹೋಗಿ ಪ್ಲಗ್ ಕಿತ್ತೆ.

ಆ ದಿನದಿಂದ ಶುರುವಾದ ಓಡಾಟ ಕೊನೆಗೆ ಒಂದು ಎಸ್‌ಎಸ್‌ಡಿ ಕೊಳ್ಳುವುದರಲ್ಲಿ ಮುಗಿಯಿತು. ನಡುವೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಬಳಗದ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೆಯುತ್ತಿದೆ. ಮಗ ಅಥವಾ ಮಗಳು ಎಸ್‌ಎಸ್‌ಡಿ ಕೇಳುತ್ತಾರೆ, ಅಪ್ಪನಿಗೆ ಅದೇನೆಂದು ಅರ್ಥವಾಗುವುದಿಲ್ಲ, ಅಂಗಡಿಯವನು ಹೇಳಿದ್ದೇ ವೇದವಾಗುತ್ತದೆ.

ತಿರುಗುವ ತಟ್ಟೆ, ತಿರುಗದ ಚಿಪ್ಪು

ಹಾರ್ಡ್ ಡಿಸ್ಕ್ ಒಂದು ಯಂತ್ರ. ಒಳಗೆ ತಟ್ಟೆಗಳು ತಿರುಗುತ್ತವೆ, ಒಂದು ತೋಳು ಅತ್ತಿತ್ತ ಓಡಾಡಿ ಓದುತ್ತದೆ. ಐಬಿಎಂ 1956ರಲ್ಲಿ ಮೊದಲ ಹಾರ್ಡ್ ಡಿಸ್ಕನ್ನು ತಂದಾಗಲೂ ತತ್ವ ಇದೇ ಆಗಿತ್ತು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಬೇಕು. ಬೇಕಾದ ಮಾಹಿತಿ ತೋಳಿನ ಕೆಳಗೆ ಬರುವವರೆಗೆ ಕಾಯಲೇಬೇಕು. ಹೀಗಾಗಿ ಅಲ್ಲಲ್ಲಿ ಚದುರಿದ ಸಣ್ಣ ಸಣ್ಣ ತುಣುಕುಗಳನ್ನು ಹುಡುಕಿ ತರುವುದಾದರೆ ಸೆಕೆಂಡಿಗೆ ನೂರರ ಆಸುಪಾಸಿನಷ್ಟೇ ಆದೀತು.

ಎಸ್‌ಎಸ್‌ಡಿಯಲ್ಲಿ ತಿರುಗುವಂಥದ್ದು ಏನೂ ಇಲ್ಲ. ಎಲ್ಲ ಚಿಪ್ಪು. ಈ ಚಿಪ್ಪಿನೊಳಗಿನ ನ್ಯಾಂಡ್ ಫ್ಲ್ಯಾಶ್ ಜಪಾನಿನ ತೋಶಿಬಾದಲ್ಲಿ ಫುಜಿಯೊ ಮಸುಓಕಾ ಅವರ ತಂಡದ ಕೆಲಸ. 1987ರಲ್ಲಿ ಜಗತ್ತಿನ ಮುಂದೆ ಬಂತು. 1991ರಲ್ಲಿ ಸ್ಯಾನ್‌ಡಿಸ್ಕ್ ಐಬಿಎಂಗೆ ಕೊಟ್ಟ ಎಸ್‌ಎಸ್‌ಡಿಯಲ್ಲಿ ಇದ್ದ ಜಾಗ ಬರೀ 20 ಎಂಬಿ, ಬೆಲೆ ಸುಮಾರು ಸಾವಿರ ಡಾಲರು! ಆ ಕಂಪನಿಯನ್ನು ಕಟ್ಟಿದ ಮೂವರಲ್ಲಿ ಒಬ್ಬರಾದ ಸಂಜಯ್ ಮೆಹ್ರೋತ್ರಾ ಕಾನ್ಪುರದಲ್ಲಿ ಹುಟ್ಟಿದವರು. ಇವತ್ತು ಮೊಬೈಲಿನಲ್ಲಿ ತೆಗೆದ ನಾಲ್ಕೈದು ಫೋಟೋ ಆ 20 ಎಂಬಿಯನ್ನು ತುಂಬಿಬಿಡುತ್ತವೆ.

ನನ್ನ ಕೆಲಸದ ಭಾಷೆಯಲ್ಲೇ ಹೇಳುವುದಾದರೆ, ಹಾರ್ಡ್ ಡಿಸ್ಕ್ ಎಂದರೆ ಪ್ರತಿ ಪಾನಾಕ್ಕೂ ಸ್ಟೋರ್ ರೂಮಿಗೆ ಹೋಗಿ ಬರುವ ಫಿಟ್ಟರ್. ಎಸ್‌ಎಸ್‌ಡಿ ಎಂದರೆ ಎಲ್ಲ ಪಾನಾಗಳನ್ನೂ ಬೆಂಚಿನ ಮೇಲೇ ಹರವಿಕೊಂಡ ಫಿಟ್ಟರ್. ಇಬ್ಬರ ಕೈಚಳಕ ಒಂದೇ, ಆದರೆ ಒಬ್ಬನ ದಿನವೆಲ್ಲ ನಡೆದಾಡುವುದರಲ್ಲೇ ಕಳೆಯುತ್ತದೆ.

ಆಟವೆಂದರೆ ಸಾವಿರಾರು ಸಣ್ಣ ಫೈಲುಗಳ ರಾಶಿ. ಗಿಡ, ಗೋಡೆ, ಕುದುರೆ, ಕುದುರೆಯ ಕಾಲಿನ ಸಪ್ಪಳ, ಎಲ್ಲ ಬೇರೆ ಬೇರೆ. ಅದಕ್ಕೇ ಹಾರ್ಡ್ ಡಿಸ್ಕಿನಲ್ಲಿ ಆಟ ತೆರೆಯುವಷ್ಟರಲ್ಲಿ ಒಂದು ರೊಟ್ಟಿ ಬೇಯುತ್ತದೆ. ಈಗ ಕೆಲವು ಆಟಗಳು ಎಸ್‌ಎಸ್‌ಡಿ ಇರಲೇಬೇಕು ಎಂದು ಷರತ್ತನ್ನೇ ಹಾಕಿವೆ. 'ಬಾಲ್ಡರ್ಸ್ ಗೇಟ್ 3' 150 ಜಿಬಿ, 'ಸ್ಟಾರ್‌ಫೀಲ್ಡ್' 125 ಜಿಬಿ, 'ಸೈಬರ್‌ಪಂಕ್ 2077' 70 ಜಿಬಿ ಜಾಗ ಕೇಳುತ್ತವೆ. ಮೂರಕ್ಕೂ ಎಸ್‌ಎಸ್‌ಡಿ ಬೇಕು.

ಒಂದು ಮಾತು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಎಸ್‌ಎಸ್‌ಡಿ ಹಾಕಿದರೆ ಆಟ ಬೇಗ ತೆರೆಯುತ್ತದೆ, ನಡುನಡುವೆ ತಡವರಿಸುವುದು ಕಡಿಮೆಯಾಗುತ್ತದೆ. ಚಿತ್ರದ ಅಂದ ಹೆಚ್ಚುವುದಿಲ್ಲ, ಫ್ರೇಮ್ ರೇಟ್ ಏರುವುದಿಲ್ಲ. ಅದು ಗ್ರಾಫಿಕ್ಸ್ ಕಾರ್ಡಿನ ಕೆಲಸ.

ಮೊದಲು ಕಂಪ್ಯೂಟರಿನ ಬಾಯಿ ನೋಡಿ

ಅಂಗಡಿಗೆ ಹೋಗುವ ಮುನ್ನ ನಿಮ್ಮ ಕಂಪ್ಯೂಟರಿನಲ್ಲಿ ಯಾವ ಜಾತಿಯ ಡ್ರೈವ್ ಕೂರುತ್ತದೆ ಎಂದು ತಿಳಿಯಬೇಕು. ಬೋಲ್ಟ್ ತರುವ ಮುನ್ನ ನಟ್ಟಿನ ಥ್ರೆಡ್ ನೋಡುವುದಿಲ್ಲವೇ, ಹಾಗೆ.

ಮೊದಲನೆಯದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಇಸ್ಪೀಟು ಕಟ್ಟಿಗಿಂತ ಸ್ವಲ್ಪ ದೊಡ್ಡದು, ತೆಳ್ಳಗೆ. ಒಂದು ಡೇಟಾ ಕೇಬಲ್, ಒಂದು ಪವರ್ ಕೇಬಲ್. ಹತ್ತು ವರ್ಷದ ಹಳೆಯ ಡೆಸ್ಕ್‌ಟಾಪಿಗೂ ಹೊಂದುತ್ತದೆ. ಹಾರ್ಡ್ ಡಿಸ್ಕಿರುವ ಹಳೆಯ ಲ್ಯಾಪ್‌ಟಾಪ್ ಆದರೆ ಅದನ್ನು ತೆಗೆದು ಅದೇ ಜಾಗದಲ್ಲಿ ಕೂರಿಸಬಹುದು. ಇದರ ವೇಗ ಸೆಕೆಂಡಿಗೆ 550 ಎಂಬಿಯ ಆಸುಪಾಸು. ಸಾಟಾ ದಾರಿಯ ಅಗಲವೇ ಅಷ್ಟು, ಅದಕ್ಕಿಂತ ಮೇಲೆ ಹೋಗದು.

ಎರಡನೆಯದು ಎಂ.2. ಚೂಯಿಂಗ್ ಗಮ್ ಪಟ್ಟಿಯ ಹಾಗೆ ಇರುತ್ತದೆ, ನೇರವಾಗಿ ಮದರ್‌ಬೋರ್ಡಿನ ಮೇಲೆ ಕೂರುತ್ತದೆ. ಇದರ ಮೇಲೆ 2280 ಎಂದು ಬರೆದಿದ್ದರೆ 22 ಮಿಮೀ ಅಗಲ, 80 ಮಿಮೀ ಉದ್ದ ಎಂದರ್ಥ. ಕೆಲವು ಸಣ್ಣ ಲ್ಯಾಪ್‌ಟಾಪುಗಳಲ್ಲಿ 2242 ಅಥವಾ 2230 ಮಾತ್ರ ಹಿಡಿಸುತ್ತದೆ. ಉದ್ದ ಅಳೆಯದೆ ತಂದರೆ ವಾಪಸ್ ಓಡಬೇಕಾಗುತ್ತದೆ.

ಎಂ.2 ಎನ್ನುವುದು ಆಕಾರದ ಹೆಸರು, ವೇಗದ ಹೆಸರಲ್ಲ. ಬಹಳ ಜನ ಎಡವುವುದು ಇಲ್ಲೇ. ಎಂ.2 ಆಕಾರದಲ್ಲೇ ಸಾಟಾ ಡ್ರೈವೂ ಬರುತ್ತದೆ, ಎನ್‌ವಿಎಂಇ ಡ್ರೈವೂ ಬರುತ್ತದೆ. ಸಾಮಾನ್ಯವಾಗಿ ಸಾಟಾದ್ದಕ್ಕೆ ತುದಿಯಲ್ಲಿ ಎರಡು ಕಚ್ಚು, ಎನ್‌ವಿಎಂಇಗೆ ಒಂದೇ ಕಚ್ಚು. ಎನ್‌ವಿಎಂಇ ಮಾತ್ರ ಹಿಡಿಯುವ ಸ್ಲಾಟಿನಲ್ಲಿ ಸಾಟಾದ್ದನ್ನು ಕೂರಿಸಿದರೆ ಅದು ಕೂರುತ್ತದೆ, ಆದರೆ ಕಂಪ್ಯೂಟರಿಗೆ ಕಾಣುವುದೇ ಇಲ್ಲ. ಅದು ಕೆಟ್ಟಿದೆ ಎಂದು ಅಂಗಡಿಯವನ ಜೊತೆ ಜಗಳಕ್ಕೆ ಹೋಗುವ ಮುನ್ನ ಇದನ್ನು ನೆನಪಿಡಿ.

ನಿಮ್ಮ ಬೋರ್ಡ್ ಯಾವುದೆಂದು ತಿಳಿಯಲು ಪೆಟ್ಟಿಗೆ ಬಿಚ್ಚಬೇಕಿಲ್ಲ. ವಿಂಡೋಸಿನ ಸಿಸ್ಟಮ್ ಇನ್ಫರ್ಮೇಶನ್ ತೆರೆದರೆ ಬೇಸ್‌ಬೋರ್ಡ್ ಎಂಬ ಸಾಲಿನಲ್ಲಿ ಅದರ ಹೆಸರು ಇರುತ್ತದೆ. ಆ ಹೆಸರಿನ ಮ್ಯಾನ್ಯುಯಲ್ ಹುಡುಕಿ 'ಸ್ಟೋರೇಜ್' ಎಂಬ ಪುಟ ಓದಿ. ಎಷ್ಟೋ ಬೋರ್ಡುಗಳಲ್ಲಿ ಎಂ.2 ಸ್ಲಾಟ್ ತುಂಬಿದರೆ ಒಂದೋ ಎರಡೋ ಸಾಟಾ ಬಾಯಿ ಬಂದ್ ಆಗುತ್ತವೆ. ಅದನ್ನೂ ಅಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ಎಷ್ಟು ವೇಗ ಸಾಕು?

ಡಬ್ಬಿಯ ಮೇಲೆ ದೊಡ್ಡ ಅಂಕಿಗಳಿರುತ್ತವೆ. ಪಿಸಿಐಇ ಜೆನ್ 3 ಎನ್‌ವಿಎಂಇ ಸೆಕೆಂಡಿಗೆ 3500 ಎಂಬಿವರೆಗೆ, ಜೆನ್ 4 ಏಳು ಸಾವಿರದವರೆಗೆ, ಜೆನ್ 5 ಹದಿನಾಲ್ಕು ಸಾವಿರದವರೆಗೆ ಓದುತ್ತದೆ. ಹಾರ್ಡ್ ಡಿಸ್ಕ್ 100ರಿಂದ 200. ಈ ಅಂಕಿ ನೋಡಿ ಜೆನ್ 5 ಕೊಂಡರೆ ಸಾಟಾಕ್ಕಿಂತ ಇಪ್ಪತ್ತೈದು ಪಟ್ಟು ಬೇಗ ಆಟ ತೆರೆದೀತು ಅನ್ನಿಸಬಹುದು. ಹಾಗಾಗುವುದಿಲ್ಲ.

ಆಟ ತೆರೆಯುವಾಗ ಓದುವುದು ಒಂದು ಭಾಗ ಮಾತ್ರ. ಓದಿದ್ದನ್ನು ಬಿಚ್ಚಿ, ಜೋಡಿಸಿ, ಗ್ರಾಫಿಕ್ಸ್ ಕಾರ್ಡಿಗೆ ಕಳಿಸುವ ಕೆಲಸ ಪ್ರೊಸೆಸರಿನದು. ಡ್ರೈವ್ ಎಷ್ಟೇ ಓಡಿದರೂ ಮುಂದಿನ ಸಾಲು ನಿಂತಿದ್ದರೆ ಅದೂ ನಿಲ್ಲಬೇಕು. ಚಾಕಣ ರಸ್ತೆಯಲ್ಲಿ ಸಂಜೆ ಆರಕ್ಕೆ ಯಾವ ಕಾರು ಕೊಂಡರೇನು! ಹಾರ್ಡ್ ಡಿಸ್ಕಿನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಫರಕು ಕಣ್ಣಿಗೆ ಹೊಡೆಯುತ್ತದೆ. ಸಾಟಾದಿಂದ ಎನ್‌ವಿಎಂಇಗೆ ಬಂದಾಗ ಹೆಚ್ಚಿನ ಆಟಗಳಲ್ಲಿ ಕೆಲವೇ ಸೆಕೆಂಡುಗಳ ಫರಕು. ಜೆನ್ 4ರಿಂದ 5ಕ್ಕೆ ಹೋದರೆ ಸ್ಟಾಪ್‌ವಾಚ್ ಇಲ್ಲದೆ ಗೊತ್ತೇ ಆಗದು.

ಮೈಕ್ರೋಸಾಫ್ಟ್ 2022ರಲ್ಲಿ ಪಿಸಿಗೆ ತಂದ ಡೈರೆಕ್ಟ್‌ಸ್ಟೋರೇಜ್ ಈ ಸಾಲನ್ನು ಚಿಕ್ಕದು ಮಾಡುವ ಉಪಾಯ. ಬಿಚ್ಚುವ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿಗೇ ವಹಿಸಬಹುದು. ಆದರೆ ಅದನ್ನು ಬಳಸುವ ಆಟಗಳು ಇನ್ನೂ ಬೆರಳೆಣಿಕೆಯವು. ಮುಂದೆ ಹೆಚ್ಚಬಹುದು ಎಂಬ ಕಾರಣಕ್ಕೆ, ಸ್ಲಾಟ್ ಇದ್ದರೆ ಸಾಟಾಕ್ಕಿಂತ ಎನ್‌ವಿಎಂಇ ಕೊಳ್ಳುವುದು ಜಾಣತನ.

ನಮ್ಮ ಬೋರ್ಡಿನಲ್ಲಿ ಇದ್ದದ್ದು ಜೆನ್ 3 ಸ್ಲಾಟ್. ಜೆನ್ 4 ಡ್ರೈವ್ ಅದರಲ್ಲಿ ಕೂರುತ್ತದೆ, ಜೆನ್ 3ರ ವೇಗದಲ್ಲಿ ಓಡುತ್ತದೆ. ಎರಡರ ಬೆಲೆಯಲ್ಲಿ ಹೆಚ್ಚು ಅಂತರ ಇರಲಿಲ್ಲ. ನಾಳೆ ಕಂಪ್ಯೂಟರ್ ಬದಲಿಸಿದರೆ ಡ್ರೈವನ್ನು ಅದಕ್ಕೆ ಒಯ್ಯಬಹುದು ಎಂದು ಜೆನ್ 4 ಕೊಂಡೆವು. ಜೆನ್ 5ಕ್ಕೆ ಹಣ ಸುರಿಯಲು ನಮಗೆ ಕಾರಣವೇ ಇರಲಿಲ್ಲ.

ಎಷ್ಟು ಜಾಗ?

1 ಟಿಬಿ ಕೊಂಡು ತಂದು ಹಾಕಿದರೆ ವಿಂಡೋಸ್ 931 ಜಿಬಿ ಎಂದು ತೋರಿಸುತ್ತದೆ. ಮೋಸವಾಯಿತು ಎಂದು ಗಾಬರಿಯಾಗಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. 500 ಜಿಬಿಯದು 465 ಆಗುತ್ತದೆ. ಎಸ್‌ಎಸ್‌ಡಿಯನ್ನು ಕಂಠಮಟ್ಟ ತುಂಬಿದರೆ ಅದು ಮಂದವಾಗುತ್ತದೆ. ಹತ್ತರಿಂದ ಇಪ್ಪತ್ತು ಪ್ರತಿಶತ ಖಾಲಿ ಬಿಡುವುದು ಒಳ್ಳೆಯದು. ವಿಂಡೋಸನ್ನೂ ಅದಕ್ಕೇ ಹಾಕಿದರೆ ಅದರ ಪಾಲು ಬೇರೆ.

ಅಂದರೆ 500 ಜಿಬಿಯದರಲ್ಲಿ ದೊಡ್ಡ ಆಟ ಎರಡು ಹಿಡಿಸಿದರೆ ಹೆಚ್ಚು. 1 ಟಿಬಿಯಲ್ಲಿ ನಾಲ್ಕೈದು. ಹುಡುಗರು ಒಂದು ಹೊತ್ತಿಗೆ ಆಡುವುದು ಎರಡು ಮೂರೇ ಆಟ. ಆದ್ದರಿಂದ ಮಧ್ಯಮ ವರ್ಗದ ಮನೆಗೆ 1 ಟಿಬಿ ಸರಿಯಾದ ಅಳತೆ ಎಂಬುದು ನನ್ನ ಅಭಿಪ್ರಾಯ. ಆಡದ ಆಟಗಳನ್ನು ಹಳೆಯ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು. ಸ್ಟೀಮ್‌ನ ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್' ಭಾಗಕ್ಕೆ ಹೋದರೆ ಒಂದು ಡ್ರೈವಿನಿಂದ ಇನ್ನೊಂದಕ್ಕೆ ಆಟವನ್ನು ಸರಿಸುವ ಅನುಕೂಲವಿದೆ. ಮತ್ತೆ ಡೌನ್‌ಲೋಡ್ ಮಾಡಬೇಕಿಲ್ಲ.

ಟಿಎಲ್‌ಸಿ, ಕ್ಯೂಎಲ್‌ಸಿ: ಒಂದು ಕೋಣೆಯಲ್ಲಿ ಎಷ್ಟು ಮಂದಿ?

ಚಿಪ್ಪಿನ ಒಳಗೆ ಕೋಟ್ಯಂತರ ಸಣ್ಣ ಕೋಣೆಗಳಿವೆ. ಒಂದು ಕೋಣೆಯಲ್ಲಿ ಮೂರು ಬಿಟ್ ಇಟ್ಟರೆ ಟಿಎಲ್‌ಸಿ, ನಾಲ್ಕು ಇಟ್ಟರೆ ಕ್ಯೂಎಲ್‌ಸಿ. ನಿಗಡಿಯಲ್ಲಿ ಬಾಡಿಗೆ ಖೋಲಿ ಹಂಚಿಕೊಂಡು ಇದ್ದ ನಮ್ಮಂಥವರಿಗೆ ಇದನ್ನು ವಿವರಿಸಬೇಕಿಲ್ಲ. ಮಂದಿ ಹೆಚ್ಚಾದಷ್ಟೂ ತಲಾ ಬಾಡಿಗೆ ಕಡಿಮೆ, ತಿಕ್ಕಾಟ ಜಾಸ್ತಿ. ಕ್ಯೂಎಲ್‌ಸಿ ಅಗ್ಗ, ಆದರೆ ಬರೆಯುವಾಗ ನಿಧಾನ, ಸವೆತವೂ ಬೇಗ.

ಈ ನಿಧಾನವನ್ನು ಮುಚ್ಚಿಡಲು ಡ್ರೈವಿನ ಒಂದಷ್ಟು ಭಾಗವನ್ನು ಕೋಣೆಗೆ ಒಂದೇ ಬಿಟ್‌ನಂತೆ ಬಳಸುತ್ತಾರೆ. ಅಷ್ಟು ತುಂಬುವವರೆಗೆ ವೇಗ ಭರ್ಜರಿ. ತುಂಬಿದ ಮೇಲೆ ಕ್ಯೂಎಲ್‌ಸಿಯ ಬರೆಯುವ ವೇಗ ಕೆಲವೊಮ್ಮೆ ಹಾರ್ಡ್ ಡಿಸ್ಕಿನ ಮಟ್ಟಕ್ಕೇ ಇಳಿಯುತ್ತದೆ. ಆಗ 150 ಜಿಬಿಯ ಆಟವನ್ನು ಒಂದು ಡ್ರೈವಿನಿಂದ ಇನ್ನೊಂದಕ್ಕೆ ಸರಿಸಲು, ಸೆಕೆಂಡಿಗೆ 100 ಎಂಬಿಯಂತೆ ಹಿಡಿದರೆ, 25 ನಿಮಿಷ ಬೇಕು.

ಹಾಗಾದರೆ ಕ್ಯೂಎಲ್‌ಸಿ ಕೆಟ್ಟದ್ದೇ? ಆಟಕ್ಕೆ ಮಾತ್ರ ಬಳಸುವುದಾದರೆ ಅಲ್ಲ. ನಿಮ್ಮ ಮನೆಯ ಇಂಟರ್ನೆಟ್ 100 ಎಂಬಿಪಿಎಸ್ ಆಗಿದ್ದರೆ ಅದು ಸೆಕೆಂಡಿಗೆ ತರುವುದೇ 12.5 ಎಂಬಿ. 150 ಜಿಬಿ ಇಳಿಯಲು ಮೂರು ಗಂಟೆ ಇಪ್ಪತ್ತು ನಿಮಿಷ. ಅಷ್ಟು ನಿಧಾನವಾಗಿ ಬರುವ ನೀರನ್ನು ಯಾವ ಕೊಡವಾದರೂ ಹಿಡಿಯುತ್ತದೆ. ಆಟವನ್ನು ಒಮ್ಮೆ ಬರೆದು ನೂರು ಸಲ ಓದುತ್ತೇವೆ. ಓದುವುದರಿಂದ ಚಿಪ್ಪು ಸವೆಯುವುದು ಲೆಕ್ಕಕ್ಕೆ ಬಾರದಷ್ಟು.

ಸವೆತದ ಲೆಕ್ಕಕ್ಕೆ ಟಿಬಿಡಬ್ಲ್ಯೂ ಎಂಬ ಅಂಕಿ ನೋಡಿ. ವಾರಂಟಿಯೊಳಗೆ ಒಟ್ಟು ಎಷ್ಟು ಟಿಬಿ ಬರೆಯಬಹುದು ಎಂದು ಅದು ಹೇಳುತ್ತದೆ. ಸ್ಯಾಮ್‌ಸಂಗ್ 990 ಪ್ರೊ 1 ಟಿಬಿಗೆ ಇದು 600, ಕ್ಯೂಎಲ್‌ಸಿ ಬಳಸುವ ಕ್ರೂಶಿಯಲ್ ಪಿ3 1 ಟಿಬಿಗೆ 220. ದಿನಕ್ಕೆ 50 ಜಿಬಿ ಬರೆದರೂ ವರ್ಷಕ್ಕೆ 18 ಟಿಬಿ ಚಿಲ್ಲರೆ. 220ರದ್ದು ಹನ್ನೆರಡು ವರ್ಷ, 600ರದ್ದು ಮೂವತ್ತೆರಡು ವರ್ಷ. ಯಾವ ಹುಡುಗನೂ ದಿನಾ 50 ಜಿಬಿ ಇಳಿಸುವುದಿಲ್ಲ. ಆಟದ ಡ್ರೈವಿಗೆ ಈ ಅಂಕಿಯ ಚಿಂತೆ ಬೇಡ.

ಬೆಲೆಯ ಅಂತರ ಅಲ್ಪವಾಗಿದ್ದರೆ ಟಿಎಲ್‌ಸಿ ತೆಗೆದುಕೊಳ್ಳಿ. ಅದೇ ಹಣಕ್ಕೆ ಕ್ಯೂಎಲ್‌ಸಿ ಎರಡು ಪಟ್ಟು ಜಾಗ ಕೊಡುತ್ತಿದ್ದರೆ, ಆಟಕ್ಕಷ್ಟೇ ಆದರೆ, ಕ್ಯೂಎಲ್‌ಸಿಯೂ ಆದೀತು. ವಿಂಡೋಸನ್ನೂ ಅದರಲ್ಲೇ ಇಡುವುದಾದರೆ ಟಿಎಲ್‌ಸಿಯೇ ಇರಲಿ. ಡಿರ್ಯಾಮ್ ಇಲ್ಲದ ಎನ್‌ವಿಎಂಇ ಡ್ರೈವುಗಳು ಕಂಪ್ಯೂಟರಿನ ರ್ಯಾಮಿನಲ್ಲೇ ಸ್ವಲ್ಪ ಜಾಗ ಎರವಲು ಪಡೆದು ಕೆಲಸ ಸಾಗಿಸುತ್ತವೆ. ಆಟಕ್ಕೆ ಅವು ಸಾಕು. ಸಾಟಾ ಡ್ರೈವುಗಳಿಗೆ ಆ ಎರವಲಿನ ಅನುಕೂಲ ಇಲ್ಲ.

ಪಿಎಸ್5, ಎಕ್ಸ್‌ಬಾಕ್ಸ್ ಇದ್ದವರಿಗೆ

ಪಿಎಸ್5 ಭಾರತಕ್ಕೆ ಬಂದದ್ದು 2021ರ ಫೆಬ್ರುವರಿಯಲ್ಲಿ, 825 ಜಿಬಿ ಜಾಗದೊಂದಿಗೆ. ಒಳಗೆ ಒಂದು ಖಾಲಿ ಎಂ.2 ಸ್ಲಾಟ್ ಇದೆ. ಅದಕ್ಕೆ ಜೆನ್ 4 ಎನ್‌ವಿಎಂಇಯೇ ಬೇಕು, ಸಾಟಾ ನಡೆಯದು. ಸೆಕೆಂಡಿಗೆ 5500 ಎಂಬಿ ಓದುವಂಥದ್ದು ಇರಲಿ ಎಂದು ಸೋನಿ ಹೇಳುತ್ತದೆ. ಹೀಟ್‌ಸಿಂಕ್ ಕಡ್ಡಾಯ. ಅದೂ ಸೇರಿ ಒಟ್ಟು ದಪ್ಪ 11.25 ಮಿಮೀ ಮೀರಬಾರದು, ಮೀರಿದರೆ ಮುಚ್ಚಳ ಕೂರುವುದಿಲ್ಲ.

ಯುಎಸ್‌ಬಿ ಎಸ್‌ಎಸ್‌ಡಿ ಚುಚ್ಚಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಪಿಎಸ್4ರ ಆಟಗಳನ್ನು ಅದರಿಂದಲೇ ಆಡಬಹುದು. ಪಿಎಸ್5ರ ಆಟಗಳನ್ನು ಅಲ್ಲಿ ಇಡಬಹುದು, ಆಡುವಾಗ ಒಳಗೆ ತಂದುಕೊಳ್ಳಬೇಕು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್‌ನದೂ ಇದೇ ಕಥೆ. ಅದರ ಹೊಸ ಆಟಗಳಿಗೆ ಹಿಂದೆ ಚುಚ್ಚುವ ಪ್ರತ್ಯೇಕ ಎಕ್ಸ್‌ಪ್ಯಾನ್ಶನ್ ಕಾರ್ಡೇ ಬೇಕು.

ತಪಕೀರ ಗಲ್ಲಿಯಲ್ಲಿ ಒಂದು ಮಧ್ಯಾಹ್ನ

ಪಿಸಿಎಂಸಿ ಸ್ಟೇಷನ್ನಿನಿಂದ ಮೆಟ್ರೋ ಹಿಡಿದು ಕಸಬಾ ಪೇಠದಲ್ಲಿ ಇಳಿದು ಅಪ್ಪ ಮಗ ಇಬ್ಬರೂ ಬುಧವಾರ ಪೇಠದ ತಪಕೀರ ಗಲ್ಲಿಗೆ ನಡೆದೆವು. ಬೆಂಗಳೂರಿಗೆ ಎಸ್.ಪಿ. ರೋಡ್ ಹೇಗೋ ಪುಣೆಗೆ ಈ ಗಲ್ಲಿ ಹಾಗೆ. ವೈರು, ಬಲ್ಬು, ಸ್ಪೀಕರು, ಕಾಲಿಡಲು ಜಾಗವಿಲ್ಲ. ಒಂದು ಅಂಗಡಿಯಲ್ಲಿ ಬೆಲೆ ಕೇಳಿದೆ. ಹೇಳಿದ ಮೇಲೆ ಅವನು ದನಿ ತಗ್ಗಿಸಿ, "ಬಿಲ್ ಪಾಹಿಜೆ ಕಾ?" ಅಂದ. ಬಿಲ್ ಬೇಡವಾದರೆ ಬೆಲೆ ಇಳಿಯುತ್ತದೆ.

ಎಸ್‌ಎಸ್‌ಡಿ ಮೇಲೆ 18 ಪ್ರತಿಶತ ಜಿಎಸ್‌ಟಿ ಇದೆ, ಆಸೆ ಆಗುವುದು ಸಹಜ. ಆದರೆ ಒಳ್ಳೆಯ ಡ್ರೈವುಗಳಿಗೆ ಐದು ವರ್ಷ, ಅಗ್ಗದವಕ್ಕೆ ಮೂರು ವರ್ಷ ವಾರಂಟಿ ಇರುತ್ತದೆ. ಬಿಲ್ ಇಲ್ಲದೆ ಆ ವಾರಂಟಿಗೆ ಹೊಡೆದಾಡುವುದು ಕಷ್ಟ. ನಾವು ಬಿಲ್ ಹಾಕಿಸಿಯೇ ಕೊಂಡೆವು, ಸೀರಿಯಲ್ ನಂಬರನ್ನೂ ಬಿಲ್ಲಿನಲ್ಲಿ ಬರೆಸಿದೆ. ಮಗನಿಗೆ ನಾಚಿಕೆ, "ಅಪ್ಪಾ, ಸಾಕು ಬಿಡ್ರಿ" ಅಂದ. ಫ್ಯಾಕ್ಟರಿಗೆ ಬೇರಿಂಗ್ ತರುವಾಗಲೂ ನಾನು ಹೀಗೇ ಮಾಡುವುದು.

ಬೆಲೆಯ ಅಂಕಿ ಬೇಕೆಂದೇ ಇಲ್ಲಿ ಬರೆದಿಲ್ಲ. 2025ರ ಕೊನೆಯ ಹೊತ್ತಿಗೆ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ ರ್ಯಾಮ್, ಎಸ್‌ಎಸ್‌ಡಿ ಎರಡರ ಬೆಲೆಯೂ ಏರಿತು. ಕೊಳ್ಳುವ ದಿನ ಎರಡು ಮೂರು ಕಡೆ ಕೇಳಿ, ಪ್ರತಿ ಜಿಬಿಗೆ ಎಷ್ಟಾಯಿತು ಎಂದು ಭಾಗಿಸಿ ನೋಡಿ. ಅದೇ ನಿಜವಾದ ಬೆಲೆ.

ಇನ್ನು ನಕಲಿಯ ಮಾತು. 8 ಟಿಬಿ, 16 ಟಿಬಿ ಎಂದು ಎರಡು ಸಾವಿರ ರೂಪಾಯಿಗೆ ಮಾರುವ ಯುಎಸ್‌ಬಿ 'ಎಸ್‌ಎಸ್‌ಡಿ'ಗಳನ್ನು ನೋಡಿರಬಹುದು. ಬಿಚ್ಚಿದರೆ ಒಳಗೆ ಒಂದು ಮೆಮೊರಿ ಕಾರ್ಡ್ ಇರುತ್ತದೆ. ಕಂಪ್ಯೂಟರಿಗೆ 16 ಟಿಬಿ ಎಂದು ಸುಳ್ಳು ಹೇಳುವಂತೆ ತಿದ್ದಿರುತ್ತಾರೆ. ನಿಜವಾದ ಜಾಗ ಮುಗಿದ ಮೇಲೆ ಬರೆದದ್ದೆಲ್ಲ ಗಾಳಿಗೆ ಹೋಗುತ್ತದೆ. ನಮ್ಮ ಕಾರ್ಖಾನೆಯ ಒಬ್ಬರು ಮಗಳ ಮದುವೆಯ ವಿಡಿಯೋವನ್ನು ಇಂಥದ್ದರಲ್ಲಿ ಹಾಕಿ, ಫೈಲಿನ ಹೆಸರು ಕಂಡು ಸಮಾಧಾನಪಟ್ಟು, ಆರು ತಿಂಗಳ ನಂತರ ತೆರೆಯಲು ಹೋಗಿ ಅತ್ತರು.

ಯಾವುದೇ ಡ್ರೈವ್ ತಂದ ದಿನ ಎರಡು ಕೆಲಸ ಮಾಡಿ. ಒಂದು, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಮಿನಲ್ಲಿ ಅದರ ಆರೋಗ್ಯ ನೋಡಿ. ಹೊಸದೆಂದು ಕೊಂಡದ್ದು ಸಾವಿರಾರು ಗಂಟೆ ಓಡಿದೆ ಎಂದು ತೋರಿಸಿದರೆ ಅದು ಬಳಸಿದ್ದು. ಎರಡು, ಎಚ್2ಟೆಸ್ಟ್‌ಡಬ್ಲ್ಯೂ ಹಾಕಿ ಪೂರ್ತಿ ಬರೆಸಿ, ಪೂರ್ತಿ ಓದಿಸಿ. ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆ ನಿಜ ತಿಳಿದಿರುತ್ತದೆ.

ಕೂರಿಸುವಾಗ

ಎಂ.2 ಡ್ರೈವನ್ನು ಓರೆಯಾಗಿ ತೂರಿಸಿ, ಮೆಲ್ಲಗೆ ಕೆಳಗೆ ಒತ್ತಿ, ತುದಿಗೆ ಒಂದು ಪುಟ್ಟ ಸ್ಕ್ರೂ ಹಾಕಬೇಕು. ಆ ಸ್ಕ್ರೂ ಮದರ್‌ಬೋರ್ಡಿನ ಡಬ್ಬಿಯಲ್ಲಿ ಬಂದಿರುತ್ತದೆ, ಡಬ್ಬಿ ರದ್ದಿಗೆ ಹೋಗಿರುತ್ತದೆ. ಅಂಗಡಿಯಲ್ಲೇ ಒಂದು ಕೇಳಿ ತನ್ನಿ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ಹೊಸದೇನಲ್ಲ. ಬಿಸಿ ಏರಿದರೆ ಡ್ರೈವ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಬೋರ್ಡಿನ ಜೊತೆ ಹೀಟ್‌ಸಿಂಕ್ ಇದ್ದರೆ ಬಳಸಿ. ಅದರ ಪ್ಯಾಡಿನ ಮೇಲಿನ ಪ್ಲಾಸ್ಟಿಕ್ ಹಾಳೆ ಕೀಳುವುದನ್ನು ಮರೆಯಬೇಡಿ.

ಗುರುವಾರ ದುರಸ್ತಿಗೆಂದು ಕರೆಂಟ್ ತೆಗೆಯುವುದು ನಮಗೆಲ್ಲ ರೂಢಿ. ಡ್ರೈವಿಗೆ ಬರೆಯುತ್ತಿರುವಾಗ ಕರೆಂಟ್ ಹೋದರೆ ಆ ಫೈಲು ಕೆಡಬಹುದು. ಡೆಸ್ಕ್‌ಟಾಪ್ ಇದ್ದವರು ಒಂದು ಸಣ್ಣ ಯುಪಿಎಸ್ ಇಡುವುದು ಒಳ್ಳೆಯದು.

ನಮ್ಮ ಮನೆಯಲ್ಲಿ ವಿಂಡೋಸನ್ನೂ ಆಟವನ್ನೂ ಹೊಸದಕ್ಕೆ ಹಾಕಿದೆವು. ಮೊದಲು ಎರಡು ನಿಮಿಷದ ಮೇಲೆ ಹಿಡಿಯುತ್ತಿದ್ದ ಆಟ ಈಗ ಅರ್ಧ ನಿಮಿಷದ ಸುತ್ತಮುತ್ತ ತೆರೆಯುತ್ತದೆ. ಅಂದಹಾಗೆ, 2020ರಲ್ಲಿ ಬಂದ 'ರಾಜಿ: ಆನ್ ಏನ್ಶಿಯಂಟ್ ಎಪಿಕ್' ಎಂಬ ಆಟವನ್ನು ಕಟ್ಟಿದ ನಾಡಿಂಗ್ ಹೆಡ್ಸ್ ಗೇಮ್ಸ್ ನಮ್ಮ ಪುಣೆಯದೇ ತಂಡ. ಮಗನಿಗೆ ಅದನ್ನೂ ಹಾಕಿಸಿದ್ದೇನೆ. ದುರ್ಗೆಯ ವರ ಪಡೆದು ತಮ್ಮನನ್ನು ಹುಡುಕಿ ಹೊರಡುವ ಹುಡುಗಿಯ ಕಥೆ. ಅವನ ತಾಯಿಯೂ ಪಕ್ಕದಲ್ಲಿ ಕೂತು ನೋಡಿದಳು.

ಅವ್ವನ ಫೋಲ್ಡರ್ ಏನಾಯಿತು?

ಪ್ಲಗ್ ಕಿತ್ತ ಆ ಡಿಸ್ಕನ್ನು ಮತ್ತೆ ಹಚ್ಚಲಿಲ್ಲ. ಕಂಪ್ಯೂಟರ್ ಬಲ್ಲ ಗೆಳೆಯರೊಬ್ಬರು ಅದನ್ನು ತಮ್ಮ ಯಂತ್ರಕ್ಕೆ ಜೋಡಿಸಿ, ಅದಕ್ಕೆ ಏನೂ ಬರೆಯದಂತೆ ಎಚ್ಚರವಹಿಸಿ, ಅಳಿಸಿದ ಫೈಲುಗಳನ್ನು ಹುಡುಕಿದರು. 26ರಲ್ಲಿ 19 ಸಿಕ್ಕವು. ಉಳಿದ ಏಳರ ಜಾಗದ ಮೇಲೆ ಆಟ ಬರೆದಾಗಿತ್ತು.

ಆಗ ಗೆಳೆಯರು ಹೇಳಿದ ಮಾತು ಈ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. "ಇದು ಹಾರ್ಡ್ ಡಿಸ್ಕ್ ಅಂತ ಹತ್ತೊಂಬತ್ತು ಬಂದ್ವು. ಎಸ್‌ಎಸ್‌ಡಿ ಆಗಿದ್ರ ಒಂದೂ ಬರ್ತಿರ್ಲಿಲ್ಲ."

ಹಾರ್ಡ್ ಡಿಸ್ಕಿನಲ್ಲಿ ಫೈಲ್ ಅಳಿಸಿದರೆ ಅಳಿಯುವುದು ಹೆಸರು ಮಾತ್ರ. ಬೇರೆ ಏನಾದರೂ ಅದರ ಮೇಲೆ ಬರೆಯುವವರೆಗೆ ಒಳಗಿನದ್ದು ಹಾಗೇ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ಹಾಗಲ್ಲ. ಅಳಿಸಿದ ಕೂಡಲೇ ವಿಂಡೋಸ್ 'ಟ್ರಿಮ್' ಎಂಬ ಆಜ್ಞೆ ಕಳಿಸುತ್ತದೆ: ಈ ಜಾಗ ಇನ್ನು ಬೇಡ. ಡ್ರೈವ್ ಅದನ್ನು ಖಾಲಿ ಎಂದು ಪರಿಗಣಿಸಿ ಗುಡಿಸಲು ಶುರುಮಾಡುತ್ತದೆ. ಮುಂದಿನ ಬರಹ ವೇಗವಾಗಿ ಆಗಲು ಇದು ಅಗತ್ಯ. ಆದರೆ ಹೋದದ್ದು ಹೋಯಿತು, ಮರಳಿ ತರುವುದು ಹೆಚ್ಚುಕಡಿಮೆ ಅಸಾಧ್ಯ.

ಇನ್ನೊಂದು ಮಾತು. ಎಸ್‌ಎಸ್‌ಡಿಯಲ್ಲಿ ಫೋಟೋ ತುಂಬಿ ಕಪಾಟಿನಲ್ಲಿ ವರ್ಷಗಟ್ಟಲೆ ಇಡುವುದೂ ಸರಿಯಲ್ಲ. ಕರೆಂಟ್ ಇಲ್ಲದೆ ಕೋಣೆಗಳಲ್ಲಿನ ವಿದ್ಯುದಂಶ ನಿಧಾನಕ್ಕೆ ಸೋರುತ್ತದೆ. ಬರೆಯುವ ಆಯುಸ್ಸು ಪೂರ್ತಿ ಸವೆದ ಡ್ರೈವ್ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಹಿಡಿದಿಟ್ಟುಕೊಂಡರೆ ಸಾಕು ಎಂಬುದು ಈ ಉದ್ಯಮದ ಮಾನದಂಡ. ಹೊಸದು ಇನ್ನೂ ಬಹಳ ಕಾಲ ಹಿಡಿದೀತು, ಆದರೂ ನೆನಪುಗಳನ್ನು ಅದೊಂದಕ್ಕೇ ನಂಬಿಸಬಾರದು.

ಆಟ ಹೋದರೆ ಮತ್ತೆ ಇಳಿಸಿಕೊಳ್ಳಬಹುದು. ಮೂರು ಗಂಟೆ ಇಪ್ಪತ್ತು ನಿಮಿಷದ ಲೆಕ್ಕ ಅಷ್ಟೇ. ಅವ್ವನ ಹಾಡನ್ನು ಯಾವ ಸರ್ವರಿನಿಂದ ಇಳಿಸಲಿ? ಅದಕ್ಕೇ ಎಸ್‌ಎಸ್‌ಡಿ ಕೊಂಡ ದಿನವೇ ಇನ್ನೂ ಒಂದು ಕೆಲಸ ಮಾಡಿದೆವು. ಸಿಕ್ಕ 19 ವಿಡಿಯೋಗಳ ಮೂರು ಪ್ರತಿ. ಒಂದು ಮನೆಯ ಹಾರ್ಡ್ ಡಿಸ್ಕಿನಲ್ಲಿ, ಒಂದು ಆನ್‌ಲೈನ್ ಖಾತೆಯಲ್ಲಿ, ಮತ್ತೊಂದು ಬೇರೆ ಹಾರ್ಡ್ ಡಿಸ್ಕಿಗೆ ಹಾಕಿ ಊರಿನಲ್ಲಿ ತಮ್ಮನ ಮನೆಗೆ. ಮನೆಗೆ ಬೆಂಕಿ ಬಿದ್ದರೂ, ಕಳ್ಳ ಬಂದರೂ ಒಂದು ಕಡೆ ಉಳಿಯುತ್ತದೆ.

ಹೋದ ಏಳರಲ್ಲಿ ಒಂದು ತಂಗಿಯ ಹಳೆಯ ಫೋನಿನಲ್ಲಿ ಸಿಕ್ಕಿತು. ಎಂದೋ ವಾಟ್ಸಾಪಿನಲ್ಲಿ ಕಳಿಸಿದ್ದೆನಂತೆ. ಚಿತ್ರ ಮಸುಕು, ದನಿ ಸ್ವಚ್ಛ. ಬೀಸುಕಲ್ಲಿನ ಗರಗರದ ನಡುವೆ ಅವ್ವ ಹಾಡು ನಿಲ್ಲಿಸಿ, "ಅದೇನ್ ಹಿಡಕೊಂಡ್ ನಿಂತೀಯೋ, ಬಾ, ಊಟಾ ಮಾಡು" ಅನ್ನುತ್ತಾಳೆ.

ಮಗ ಈಗ ಹಾರ್ಡ್ ಡಿಸ್ಕಿನ ಮೇಲೆ ಒಂದು ಚೀಟಿ ಅಂಟಿಸಿದ್ದಾನೆ. ಕನ್ನಡ ಅಕ್ಷರ ಅವನಿಗೆ ಅಷ್ಟಕ್ಕಷ್ಟೆ, ಸೊಟ್ಟಸೊಟ್ಟಗೆ, 'ಆಯಿ. ಮುಟ್ಟಬ್ಯಾಡ್ರಿ' ಎಂದು ಬರೆದಿದ್ದಾನೆ.

ನಿಮ್ಮ ಮನೆಯಲ್ಲೂ ಎಸ್‌ಎಸ್‌ಡಿಯ ಬೇಡಿಕೆ ಬಂದಿದ್ದರೆ ಧಾರಾಳವಾಗಿ ಕೊಡಿಸಿ. 1 ಟಿಬಿ, ಎನ್‌ವಿಎಂಇ, ಆದಷ್ಟು ಟಿಎಲ್‌ಸಿ, ಬಿಲ್ಲಿನ ಸಮೇತ. ಆದರೆ ಅಂಗಡಿಗೆ ಹೊರಡುವ ಮುನ್ನ ಹಳೆಯ ಡಿಸ್ಕಿನಲ್ಲಿ ಏನೇನಿದೆ ಎಂದು ಮಕ್ಕಳ ಜೊತೆ ಕೂತು ಒಮ್ಮೆ ನೋಡಿ.